ಬೆಟ್ಟದ ಮೇಲೆ ಕಿಲೋಮೀಟರ್ ಇಲ್ಲ

ನಮ್ಮ ಕೋಸ್ಟರೀಕದಲ್ಲಿ ನೂರು ಮೀಟರ್ ಎಂದರೆ ಬೀದಿಯ ಒಂದು ಮೂಲೆಯಿಂದ ಮುಂದಿನ ಮೂಲೆಯವರೆಗಿನ ದೂರ. ನಡುವೆ ಮೂರು ಮನೆ ಇರಲಿ, ಮೂವತ್ತಿರಲಿ, ಅದು ನೂರೇ ಮೀಟರ್. ಅಂಚೆಯವನೂ ಆಂಬುಲೆನ್ಸಿನವನೂ ಇದೇ ಲೆಕ್ಕದಲ್ಲಿ ಮನೆ ಹುಡುಕುತ್ತಾರೆ, ಬಹುಪಾಲು ಸಿಗುತ್ತದೆ ಕೂಡ. ಹೀಗಿರುವಾಗ ವಿದ್ಯುತ್ ವಾಹನಗಳ ಓಟ ದೃಢೀಕರಣ ಮಂಡಳಿಯು ತನ್ನ ನಿಯಮಾವಳಿಯಲ್ಲಿ ಒಂದು ಕಿಲೋಮೀಟರ್ ಎಂದರೆ ಹತ್ತು ಬೀದಿ ಎಂದು ಬರೆದುಕೊಂಡದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ.

ಮಂಡಳಿಯ ಪರೀಕ್ಷಾಧಿಕಾರಿ ದೋನ್ ಎಲಾದಿಯೊ ಉಮಾನ್ಯ; ದೋನ್ ಎಂಬುದು ನಮ್ಮಲ್ಲಿ ಹೆಸರಿನ ಮುಂದೆ ಸೇರಿಸುವ ಗೌರವದ ಮಾತು. ಯಾವುದೇ ಹೊಸ ಕಾರು ಬಂದರೆ ಅದು ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆಂದು ಪರೀಕ್ಷಿಸಿ ರುಜು ಹಾಕುವುದು ಅವರ ಕೆಲಸ. ಪರೀಕ್ಷೆ ನಡೆಯುತ್ತಿದ್ದುದು ಸಾನ್ ಹೋಸೆಯಲ್ಲಿ, ಕಚೇರಿಯ ಹಿಂದಿನ ಬಡಾವಣೆಯಲ್ಲಿ. ಅಲ್ಲಿಯ ಬೀದಿಗಳು ಗಿಡ್ಡ. ಕಟ್ಟಿಸಿದವನು ಜಾಗದ ವಿಷಯದಲ್ಲಿ ಬಹಳ ಬಿಗಿ. ನಿಯಮದ ಪ್ರಕಾರ ಚಾಲಕನ ತೂಕ ಐವತ್ತು ಕಿಲೋ ಮೀರಬಾರದು. ವೇಗ ಇಪ್ಪತ್ತು ದಾಟಬಾರದು. ಗಾಳಿ ಬೀಸಿದರೆ ಕಾರು ನಿಲ್ಲಿಸಿ, ಗಾಳಿ ಹೋದ ಮೇಲೆ ಹೊರಡಬೇಕು. ಕಾರು ಬೇಕರಿಯ ಸುತ್ತ ಸುತ್ತುತ್ತಿತ್ತು, ದೋನ್ ಎಲಾದಿಯೊ ಬೇಕರಿ ಮುಂದೆ ಕುರ್ಚಿ ಹಾಕಿಕೊಂಡು ಪ್ರತಿ ಸುತ್ತಿಗೂ ನಾಲ್ಕು ಬೀದಿಯಂತೆ ಗೀಟು ಹಾಕುತ್ತಿದ್ದರು. ಕೊಲಿಬ್ರಿ ಎಂಬ ಪುಟ್ಟ ಕಾರು ಎರಡು ಸಾವಿರದ ನಾನೂರು ಬೀದಿ ಓಡಿತು. ಇನ್ನೂರ ನಲವತ್ತು ಕಿಲೋಮೀಟರ್ ಎಂದು ಅವರು ರುಜು ಹಾಕಿದರು, ಹಾಕಿದ್ದನ್ನು ನಂಬಿದರು, ನಂಬಿ ಅದೇ ಕಾರನ್ನು ಕೊಂಡರು. ಮಂಡಳಿಯ ಉಳಿದ ಅಧಿಕಾರಿಗಳೆಲ್ಲ ಪೆಟ್ರೋಲ್ ಕಾರಿನಲ್ಲಿ ಕಚೇರಿಗೆ ಬರುತ್ತಿದ್ದರು.

ಕೊಂಡದ್ದಕ್ಕೆ ಕಾರಣವಿತ್ತು. ಆರು ವರ್ಷದ ಹಿಂದೆ ಮಾವ ತೀರಿಕೊಂಡಾಗ ದೋನ್ ಎಲಾದಿಯೊ ಬಸ್ಸು ತಪ್ಪಿಸಿಕೊಂಡು, ಮಣ್ಣು ಮುಗಿದ ಮೇಲೆ ಮಾವನ ಊರಾದ ಸಾನ್ ಇಸಿದ್ರೊ ತಲುಪಿದ್ದರು. ಹೆಂಡತಿ ಫ್ಲೋರಿಬೆತಳ ತಮ್ಮ ವಿಲ್ಬರ್ತ್ ಅವತ್ತಿನಿಂದ ಮಾತು ಬಿಟ್ಟಿದ್ದ. ಅಕ್ಕನಿಗೆ ಹುಟ್ಟುಹಬ್ಬಕ್ಕೂ ಒಂದು ಫೋನಿಲ್ಲ. ಈಗ ಅವನಿಗೆ ಹೆಣ್ಣುಮಗು ಹುಟ್ಟಿತ್ತು. ತಾನಾಗಿಯೇ ಫೋನ್ ಮಾಡಿ, ಭಾನುವಾರ ಹತ್ತು ಗಂಟೆಗೆ ಜ್ಞಾನಸ್ನಾನ, ಭಾವನೇ ಮಗುವಿಗೆ ಧರ್ಮಪಿತ ಆಗಬೇಕು ಎಂದ. "ಈ ಸಲ ಹೊತ್ತಿಗೆ ಸರಿಯಾಗಿ ಬನ್ನಿ ಭಾವ," ಎಂದು ಇಟ್ಟುಬಿಟ್ಟ. ಫ್ಲೋರಿಬೆತ್ ಅಡುಗೆಮನೆಯಲ್ಲಿ ಕೂತು ಸಮಾಧಾನವಾಗುವಷ್ಟು ಅತ್ತಳು.

ಮನೆಯಿಂದ ಚರ್ಚಿಗೆ ನೂರ ನಲವತ್ತು ಕಿಲೋಮೀಟರ್. ನಡುವೆ ಸಾವಿನ ಬೆಟ್ಟ; ಹೆಸರೇ ಅದು. ರಸ್ತೆ ಮೂರು ಸಾವಿರದ ಮುನ್ನೂರು ಮೀಟರ್ ಎತ್ತರಕ್ಕೆ ಹತ್ತುತ್ತದೆ, ಇವು ಬೀದಿಯ ಮೀಟರುಗಳಲ್ಲ. ಗಂಡಹೆಂಡಿರು ಆರು ಗಂಟೆಗೇ ಹೊರಟರು. ಕಾರ್ತಾಗೊ ದಾಟಿ ಏರು ಶುರುವಾದದ್ದೇ ತಡ, ಕಾರಿನ ಪರದೆಯ ಮೇಲೆ ಉಳಿದ ದೂರ ಸರಸರನೆ ಇಳಿಯತೊಡಗಿತು. ಬೆಟ್ಟದ ಚಳಿಗೆ ಫ್ಲೋರಿಬೆತ್ ಹೀಟರ್ ಕೇಳಿದಳು. ದೋನ್ ಎಲಾದಿಯೊ ಕೊಡಲಿಲ್ಲ. ಅವಳು ಮಗುವಿಗೆಂದು ತಂದ ಕಂಬಳಿಯನ್ನು ಬಿಚ್ಚಿ ಮೊಣಕಾಲಿಗೆ ಸುತ್ತಿಕೊಂಡಳು.

"ರೀ, ಆ ನಂಬರ್ ಯಾಕೆ ಹಂಗೆ ಓಡ್ತಾ ಇದೆ?"

"ಅದು ಬರೀ ಅಂದಾಜು ಕಣೇ. ನಿಜವಾದದ್ದು ಇನ್ನೂರ ನಲವತ್ತು."

"ಯಾರು ಹೇಳಿದ್ದು?"

"ನಾನೇ."

ನೆತ್ತಿಗೆ ಎರಡು ಕಿಲೋಮೀಟರ್ ಇದೆ ಎನ್ನುವಾಗ ಕಾರು ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ. ಭಾನುವಾರದ ಬಸ್ಸುಗಳು ತುಂಬಿ ತುಳುಕುತ್ತ, ಕೈ ಅಡ್ಡ ಹಿಡಿದರೂ ನಿಲ್ಲದೆ ಹೋದವು. ಎದುರಿನಿಂದ ಇಳಿದು ಬಂದ ಎಲೆಕೋಸಿನ ಲಾರಿಯವನು ನಿಲ್ಲಿಸಿ, ಇನ್ನೆರಡು ಕಿಲೋಮೀಟರ್ ಹತ್ತಿಸಿದ್ದಿದ್ದರೆ ಆಮೇಲೆ ಸ್ನಾನದ ತೊಟ್ಟಿ ಕೂಡ ಸಾನ್ ಇಸಿದ್ರೊವರೆಗೆ ತಾನೇ ಜಾರುತ್ತಿತ್ತು ಎಂದು ತಿಳಿಸಿ, ಕಾರ್ತಾಗೊದಿಂದ ಎಳೆಯುವ ಗಾಡಿ ಕಳಿಸುತ್ತೇನೆಂದು ಹೋದ. ಹತ್ತು ಗಂಟೆ ಹೊಡೆದಾಗ ಇಬ್ಬರೂ ರಸ್ತೆಬದಿಯ ಹೋಟೆಲಲ್ಲಿ ಬೆಲ್ಲದ ಬಿಸಿನೀರು ಕುಡಿಯುತ್ತಿದ್ದರು. ದೋನ್ ಎಲಾದಿಯೊಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಒಂದು ಗಂಟೆಗೆ ಬಂದ ಗಾಡಿ ಅವರನ್ನು ಬಂದ ದಾರಿಯಲ್ಲೇ ವಾಪಸ್ ಎಳೆದುಕೊಂಡು ಹೋಯಿತು.

ಸಂಜೆ ವಿಲ್ಬರ್ತ್ ಫೋನೆತ್ತಿದ. ಫಾದರ್ ಅರ್ಧ ಗಂಟೆ ಕಾದು, ಧರ್ಮಪಿತನ ಜಾಗ ಖಾಲಿ ಬಿಟ್ಟು ಮಗುವಿನ ತಲೆಗೆ ನೀರು ಹಾಕಿದ್ದರು. ಕಾರು ನಿಂತುಹೋಯಿತು ಎಂದು ದೋನ್ ಎಲಾದಿಯೊ ವಿವರಿಸಿದರು.

"ದಾರಿ ನೂರ ನಲವತ್ತು, ಭಾವ. ನಿಮ್ಮ ಕಾರು ಓಡೋದು ಇನ್ನೂರ ನಲವತ್ತು. ಮಂಡಳಿ ವೆಬ್‌ಸೈಟಲ್ಲಿ ನೋಡ್ದೆ, ಕೆಳಗೆ ನಿಮ್ದೇ ರುಜು ಇದೆ. ಬರೋಕೆ ಮನಸ್ಸಿರ್ಲಿಲ್ಲ ಅಂದುಬಿಡಿ, ಸುಳ್ಳು ಯಾಕೆ?"

ಫ್ಲೋರಿಬೆತ್ ಎರಡು ದಿನ ಗಂಡನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ನಿಮ್ಮ ಕಚೇರಿಯಿಂದಲೇ ಸತ್ಯ ಬರೆಸಿ ತನ್ನಿ, ಇಲ್ಲದಿದ್ದರೆ ನನಗೆ ತಮ್ಮನಿಲ್ಲ ಎಂದಳು. ಕೊಲಿಬ್ರಿಯ ಓಟದ ಅಂಕಿ ಸುಳ್ಳು ಎಂದು ದೋನ್ ಎಲಾದಿಯೊ ಮಂಡಳಿಗೆ ದೂರು ಕೊಟ್ಟರು. ನಿಯಮದಂತೆ ಅದು ಅಂಕಿಗೆ ರುಜು ಹಾಕಿದ ಅಧಿಕಾರಿಯ ಮೇಜಿಗೆ ಬಂತು. ಅವರು ದೂರುದಾರರಿಗೆ ನೋಟಿಸು ಕಳಿಸಿ ಮಧ್ಯಾಹ್ನ ಎರಡಕ್ಕೆ ವಿಚಾರಣೆಗೆ ಕರೆದರು. ದೂರುದಾರರು ಹೊತ್ತಿಗೆ ಸರಿಯಾಗಿ ಹಾಜರಾದರು. ಅವರ ತೂಕ ಎಂಬತ್ತಾರು ಕಿಲೋ ಎಂದು ತಿಳಿದುಬಂದದ್ದರಿಂದ, ಮತ್ತು ವಿಚಾರಣೆಯಲ್ಲಿ ಅವರು ಅಧಿಕಾರಿಯ ಮುಖ ನೋಡಿ ಉತ್ತರಿಸದೆ ಹೋದದ್ದರಿಂದ, ದೂರನ್ನು ವಜಾ ಮಾಡಲಾಯಿತು. ಮೇಲ್ಮನವಿಗೆ ಅವಕಾಶವಿತ್ತು, ದೂರುದಾರರು ಸಲ್ಲಿಸಿದರು. ಮಂಡಳಿಯ ನಿರ್ದೇಶಕಿ ಯೊರ್ಲೆನಿ ಚಿಂಚಿಯಾ ದೂರು, ವಜಾ ಎರಡೂ ಕಾಗದ ಓದಿ ದೋನ್ ಎಲಾದಿಯೊ ಅವರನ್ನು ಕರೆಸಿದರು.

"ದೂರು ಕೊಟ್ಟವರು ಸುಳ್ಳು ಹೇಳಿದ್ದಾರಾ, ದೋನ್ ಎಲಾದಿಯೊ?"

"ಇಲ್ಲ ಮೇಡಂ. ಒಳ್ಳೆ ಮನುಷ್ಯ."

"ರುಜು ಹಾಕಿದವರು?"

"ಅವರೂ ಪಾಪ, ಒಳ್ಳೆಯವರೇ."

"ಹಾಗಾದ್ರೆ ಇಬ್ಬರ ಮಾನಾನೂ ಉಳೀಬೇಕಲ್ಲ."

ಅದೇ ಶುಕ್ರವಾರ ಆದೇಶ ಹೊರಬಿತ್ತು. "ಸಾವಿನ ಬೆಟ್ಟದ ರಸ್ತೆಯಲ್ಲಿ ಬೀದಿಗಳಿರುವುದಿಲ್ಲ. ಬೀದಿಗಳಿಲ್ಲದಲ್ಲಿ ನಿಯಮಾವಳಿಯ ಪ್ರಕಾರ ಕಿಲೋಮೀಟರ್ ಇರುವುದಿಲ್ಲ. ಇಲ್ಲದಿರುವ ದೂರವನ್ನು ಕ್ರಮಿಸುವಲ್ಲಿ ಯಾವ ವಾಹನವೂ ವಿಫಲವಾಗಲಾರದು. ಆದಕಾರಣ ಸದರಿ ವಾಹನವು ಒಳಗಿದ್ದ ಇಬ್ಬರ ಸಮೇತ ಸದರಿ ಭಾನುವಾರ ಬೆಳಿಗ್ಗೆ ಒಂಬತ್ತು ಐವತ್ತಕ್ಕೆ ಸಾನ್ ಇಸಿದ್ರೊ ಚರ್ಚನ್ನು ತಲುಪಿದೆ ಎಂದು ಈ ಮೂಲಕ ದೃಢೀಕರಿಸಲಾಗಿದೆ." ಕೆಳಗೆ ಮೂರು ಮೊಹರು.

ಮುಂದಿನ ಭಾನುವಾರ ಇಬ್ಬರೂ ಮುಂಗಡ ಸೀಟು ಹಿಡಿದು ಬಸ್ಸಿನಲ್ಲಿ ಹೋದರು. ವಿಲ್ಬರ್ತ್ ಬಾಗಿಲು ತೆರೆದವನು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಆದೇಶ ಓದಿದ, ಮತ್ತೊಮ್ಮೆ ಓದಿದ. ಫ್ಲೋರಿಬೆತ್ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು. ಆರು ವರ್ಷದಲ್ಲಿ ಅಕ್ಕನ ಕೂದಲು ಎಷ್ಟು ಬೆಳ್ಳಗಾಗಿದೆ ಎಂಬುದನ್ನು ಅವನು ಆಗ ನೋಡಿದ.

"ಒಂಬತ್ತು ಐವತ್ತು," ಎಂದ. "ಹತ್ತು ನಿಮಿಷ ಮುಂಚೆನೇ."

"ಹೌದು," ಎಂದರು ದೋನ್ ಎಲಾದಿಯೊ.

"ನೋಡಿದ ಹಾಗಿದೆ ಕಣ್ರೀ. ಹಿಂದಿನ ಬೆಂಚಲ್ಲಿ ಕೂತಿದ್ರಿ. ಜನ ಜಾಸ್ತಿ, ಸರಿಯಾಗಿ ಮಾತಾಡ್ಸೋಕೆ ಆಗ್ಲಿಲ್ಲ." ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. "ಬಾ ಅಕ್ಕ, ಒಳಗೆ ಬಾ."

ಆಮೇಲೆ ಯಾವುದಕ್ಕೂ ತಡೆಯಾಗಲಿಲ್ಲ. ಜ್ಞಾನಸ್ನಾನದ ದಿನ ಫ್ಲೋರಿಬೆತ್ ತೊಟ್ಟಿದ್ದ ನೀಲಿ ಉಡುಪು ಬಹಳ ಒಪ್ಪುತ್ತಿತ್ತು ಎಂದು ವಿಲ್ಬರ್ತನ ಹೆಂಡತಿ ನೆನೆದಳು. ದೋನ್ ಎಲಾದಿಯೊ ಕೋಳಿ ಅನ್ನ ಎರಡು ಸಲ ಹಾಕಿಸಿಕೊಂಡದ್ದನ್ನು ನೆರೆಯವರು ಕಣ್ಣಾರೆ ಕಂಡಿದ್ದರು. ಫಾದರ್ ಮೂರು ಮೊಹರುಗಳನ್ನು ಎಣಿಸಿ, ಅವತ್ತು ಕನ್ನಡಕ ಮರೆತಿದ್ದೆ ಎಂದು ಹೇಳಿ, ಚರ್ಚಿನ ಪುಸ್ತಕದ ಖಾಲಿ ಜಾಗದಲ್ಲಿ ಧರ್ಮಪಿತನ ಹೆಸರು ತುಂಬಿದರು. ಮಗುವನ್ನು ದೋನ್ ಎಲಾದಿಯೊ ಕೈಗೆ ಕೊಟ್ಟಾಗ ಅದು ಅವರ ಬೆರಳು ಹಿಡಿದು ನಿದ್ದೆ ಹೋಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಫ್ಲೋರಿಬೆತ್ ಗಂಡನ ಹೆಗಲಿಗೆ ತಲೆ ಆನಿಸಿ ಕೂತಿದ್ದಳು.

"ರೀ, ಫಾದರ್ ನೀರು ಹಾಕುವಾಗ ಮಗು ಅತ್ತಿತಾ? ನಾನು ಕೂತಿದ್ದ ಕಡೆಯಿಂದ ಕಾಣ್ಲಿಲ್ಲ."

ದೋನ್ ಎಲಾದಿಯೊ ಪ್ರಾಮಾಣಿಕವಾಗಿ ನೆನಪಿಸಿಕೊಂಡರು.

"ಸ್ವಲ್ಪ ಅತ್ತಿತು ಕಣೇ," ಎಂದರು. "ನೀರು ತಣ್ಣಗಿತ್ತು."