ಜುಬೈಲ್ ಬಸ್ಸಿನ ಇತಿಹಾಸಕಾರ

ನನ್ನ ಹೆಂಡತಿಯ ಸೋದರಮಾವನೆದುರು ಅಪ್ಪಿತಪ್ಪಿಯೂ ನಿಮ್ಮ ಊರಿನ ಹೆಸರು ಹೇಳಬೇಡಿ. ಹೇಳಿದಿರೋ, ಅಲ್ಲಿನ ಗುಡ್ಡ, ತೋಡು, ಹಳೆಯ ಶಾಲೆ ಎಲ್ಲದರ ಜಾತಕ ಒಪ್ಪಿಸದೆ ಬಿಡುಗಡೆಯಿಲ್ಲ!

ಸೌದಿಯ ಜುಬೈಲಿನಲ್ಲಿ ನಮ್ಮದೇ ಕಂಪನಿಯ ಸ್ಟೋರ್ ಕೀಪರ್ ಆಗಿರುವ ಮಾಮ ಹೀಗಾದದ್ದು ಒಂದು ಪುಸ್ತಕದಿಂದ. ದಹ್ರಾನ್ ಬಿಟ್ಟು ಹೊರಟಿದ್ದ ಇಂಜಿನಿಯರೊಬ್ಬ ಎಸೆಯಲಿಟ್ಟಿದ್ದ ದಪ್ಪ ಪುಸ್ತಕ ಅದು; ಹದಿನೆಂಟನೇ ಶತಮಾನದ ಇಂಗ್ಲಿಷ್ ಪಾದ್ರಿಯೊಬ್ಬ ಬರೆದ ತನ್ನ ಜಿಲ್ಲೆಯ ಇತಿಹಾಸ. ಮಾಮ ತಂದದ್ದು ಅಲುಗಾಡುವ ಟಿವಿಯ ಅಡಿಗಿಡಲು. ಓದಿದ್ದು ಎರಡು ಸಲ!

"ಕುದುರೆ ಹತ್ತಿ ಮೂವತ್ತು ವರ್ಷ ಹಳ್ಳಿ ತಿರುಗಿದ ಮಾರಾಯ! ಗೋರಿಕಲ್ಲಿನ ಪಾಚಿ ಕೆರೆದು ಹೆಸರು ಬರೆದುಕೊಂಡ. ಜಮೀನ್ದಾರರು ನಾಯಿ ಛೂ ಬಿಟ್ಟರು. ಅಚ್ಚಾಗುವ ಮೊದಲೇ ಸತ್ತ, ಪಾಪ. ಮಗಳು ಅಚ್ಚು ಹಾಕಿಸಿದಳು" ಎಂದು ಮಾಮ ಕಣ್ಣೊರೆಸಿಕೊಂಡರೆ, ಸತ್ತದ್ದು ಇವರ ಸ್ವಂತ ಅಜ್ಜನೇ ಇರಬೇಕೆನಿಸುತ್ತಿತ್ತು.

ಮರುದಿನವೇ ತಾವೂ ನಮ್ಮ ಉಡುಪಿ ಕಡೆಯ ಹೊಳೆಬದಿ ಊರುಗಳ ಇತಿಹಾಸ ಬರೆಯಹೊರಟರು. ಕುದುರೆ? ಕಂಪನಿ ಬಸ್ಸಿತ್ತಲ್ಲ! ಒಮ್ಮೆ ತೂಕಡಿಸುತ್ತಿದ್ದವರೊಬ್ಬರನ್ನು ತಟ್ಟಿ ಎಬ್ಬಿಸಿ, "ನಿಮ್ಮ ಊರಿಗೆ ಮೊದಲ ಸೈಕಲ್ ತಂದದ್ದು ಯಾರು?" ಎಂದರು.

"ಭಾಯ್, ಮೈ ಪೇಶಾವರ್ ಸೇ ಹೂಂ!"

ಮಾಮ ಬಿಟ್ಟರೇ? ಪೇಶಾವರದ ಮೊದಲ ಸೈಕಲನ್ನೂ ಬರೆದುಕೊಂಡೇ ಇಳಿದರು.

ಇನ್ನೊಮ್ಮೆ, ಊರಿನ ಬಾವಿ ತೋಡಿಸಿದ್ದು ಯಾರಜ್ಜ ಎಂದು ಕೇಳಿ, ಒಂದೇ ಊರಿನ, ಒಂದೇ ಕೋಣೆಯ ಇಬ್ಬರು ವಾರವಿಡೀ ಮಾತು ಬಿಡುವಂತೆ ಮಾಡಿದರು. "ಎಂತ ಮಾಮ, ನಿಮಗೆ ಬೇರೆ ಕೆಲಸ ಇಲ್ವಾ?" ಎಂದರೆ, "ಇಬ್ಬರು ಅಜ್ಜಂದಿರನ್ನೂ ಹಾಕಿದ್ದೇನೆ, ಒಬ್ಬ ಅಗೆದ, ಒಬ್ಬ ಕಲ್ಲು ಕಟ್ಟಿದ" ಎಂದರು. ನಮ್ಮ ಕೆಲಸಗಾರರ ಕ್ಯಾಂಪೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಕಳೆದ ಶುಕ್ರವಾರ ಊಟವಾದ ಮೇಲೆ ಮಾಮ ನನ್ನ ಮುಂದೆ ನೋಟ್‌ಬುಕ್ಕಿನ ಒಂದು ಪುಟ ತೆರೆದಿಟ್ಟರು. ಮೇಲೆ ನನ್ನ ಅಪ್ಪನ ಹೆಸರು! ನನಗೆ ಎರಡು ವರ್ಷವಾಗಿದ್ದಾಗ ತೀರಿಕೊಂಡ, ಹೊಳೆಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದ ಅಪ್ಪ. ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ. ಅವರ ಮಾತೆತ್ತಿದರೆ ಅಮ್ಮ ಅಳುತ್ತಿದ್ದಳು. ನಾನು ಕೇಳುವುದನ್ನೇ ಬಿಟ್ಟಿದ್ದೆ.

ನಮ್ಮೂರ ಹೊಳೆಯ ಆಚೆ ದಡದವರಾದ ಕ್ರೇನ್ ಆಪರೇಟರೊಬ್ಬರು ಬಸ್ಸಿನಲ್ಲಿ ಹೇಳಿದ್ದನ್ನು ಮಾಮ ಗುಂಡಗೆ ಬರೆದಿದ್ದರು: "ಕೊನೆಯ ಮಗು ಓಡಿ ಬರುವವರೆಗೆ ದೋಣಿ ಬಿಡುತ್ತಿರಲಿಲ್ಲ. ಹೊಳೆಗೆ ಹೆದರುವ ಮಕ್ಕಳಿಗೆ ಕೋಗಿಲೆ ಕೂಗಿ ನಗಿಸುತ್ತಿದ್ದರು. ಹುಟ್ಟು ಹಾಕುವುದು ಎಡಗೈಯಲ್ಲಿ."

"ನಿನ್ನ ಹಾಗೇ ಎಡಚ ಮಾರಾಯ" ಎಂದರು ಮಾಮ ಮೆಲ್ಲಗೆ.

ನಾನು ಅವರ ಕೈ ಹಿಡಿದುಕೊಂಡೆ. ಎಡಗೈಯಿಂದಲೇ.