ಹದಿನೆಂಟು ಹೊಲ, ಒಂದು ಎಕ್ಸ್‌ಟೆನ್ಶನ್

ವಾದದಲ್ಲಿ ನಾನು ಸೋತದ್ದು ಬಹಳ ಕಡಿಮೆ. ಇದನ್ನು ಜಂಬ ಎನ್ನುವವರು ಎನ್ನಲಿ, ಅದು ತಪ್ಪೆಂದು ಅವರಿಗೆ ಹತ್ತು ನಿಮಿಷದಲ್ಲಿ ಸಾಧಿಸಿ ತೋರಿಸಬಲ್ಲೆ. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಯ ಕಪ್ಪು ನಮ್ಮ ಮನೆಗೇ ಬಂದಿದೆ. ಅವುಗಳಲ್ಲಿ ಒಂದರಲ್ಲಿ ಅವ್ವ ಸೂಜಿ-ದಾರ ಇಟ್ಟುಕೊಂಡಿದ್ದಾಳೆ, ಅದು ಬೇರೆ ಮಾತು. ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ದೇವರಿದ್ದಾನೆಂದು ಬೆಳಿಗ್ಗೆ ಸಾಧಿಸಿ, ಇಲ್ಲವೆಂದು ಮಧ್ಯಾಹ್ನ ಸಾಧಿಸಿ, ಸಂಜೆ ಬಸ್ಸಿನಲ್ಲಿ ಸೀಟು ಕೊಡಿಸಪ್ಪಾ ಎಂದು ಅವನನ್ನೇ ಬೇಡಿಕೊಂಡವಳು ನಾನು.

ಈಗ ಮಿಶ್ರಿಕೋಟಿಯಲ್ಲಿ ಒಂದು ರೈತರ ಸಂಘದ ಕಂಪ್ಯೂಟರಿನ ಮುಂದೆ ಕೂಡುವ ಕೆಲಸ. ಕಂಪ್ಯೂಟರಿಗೆ ವಯಸ್ಸಾಗಿದೆ. ಬ್ರೌಸರಿಗೆ ಒಂದು ಎಕ್ಸ್‌ಟೆನ್ಶನ್, ಅಂದರೆ ಮೇಲಿಂದ ಜೋಡಿಸುವ ಒಂದು ಪುಟ್ಟ ಸಾಧನ, ಹಾಕಿದರೆ ಹೇಗೋ ಎಳೆಯುತ್ತದೆ. ಎರಡು ಹಾಕಿದರೆ ಕಬ್ಬು ಹೇರಿಕೊಂಡು ಏರು ಹತ್ತುವ ಟ್ರ್ಯಾಕ್ಟರಿನಂತೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ನಮಗೋ ಬೇಕಾದದ್ದು ಎರಡು. ಒಂದು, ಪಾಸ್‌ವರ್ಡುಗಳನ್ನು ಭದ್ರವಾಗಿ ಇಡುವಂಥದ್ದು. ಇನ್ನೊಂದು, ಮಣ್ಣು ಪರೀಕ್ಷೆಯ ಲ್ಯಾಬಿನಿಂದ ಗಿಜಿಗಿಜಿಯಾಗಿ ಬರುವ ಮಾಹಿತಿಯನ್ನು ಬಿಡಿಸಿ, ಸಾಲು ಹಿಡಿದು ತೋರಿಸುವಂಥದ್ದು. ಯಾವುದಾದರೂ ಒಂದನ್ನು ಆರಿಸಬೇಕು.

ಪಾಸ್‌ವರ್ಡಿನ ವಿಷಯದಲ್ಲಿ ನಮ್ಮ ಸಂಘಕ್ಕೆ ತನ್ನದೇ ಒಂದು ಪದ್ಧತಿ ಇತ್ತು. ಅದನ್ನು ಸಭೆಯಲ್ಲಿ ಮಂಡಿಸಿ, ಒಬ್ಬರು ಸೂಚಿಸಿ, ಇನ್ನೊಬ್ಬರು ಅನುಮೋದಿಸಿ, ಠರಾವು ಪಾಸು ಮಾಡಿ, ನಡವಳಿ ಪುಸ್ತಕದಲ್ಲಿ ಬರೆದು, ಎಲ್ಲರಿಗೂ ಕೇಳುವಂತೆ ಓದಿ, ಸಹಿ ಹಾಕಿಸಿಕೊಳ್ಳುತ್ತಿದ್ದರು. ಠರಾವಿನ ಒಂದು ಪ್ರತಿ ನೋಟೀಸ್ ಬೋರ್ಡಿಗೂ ಹೋಗುತ್ತಿತ್ತು. ನಾನು ಹೊಸದಾಗಿ ಸೇರಿದಾಗ ಅದನ್ನು ನೋಡಿ ಮೂರ್ಛೆ ಹೋಗುವುದೊಂದು ಬಾಕಿ. ಎಕ್ಸ್‌ಟೆನ್ಶನ್ ಆರಿಸುವ ಸಭೆಯಲ್ಲಿ ಅಧ್ಯಕ್ಷ ಫಕ್ಕೀರಪ್ಪ ಕಾಕಾ ಮಾತ್ರ ನೆಮ್ಮದಿಯಿಂದ ಎಲೆಗೆ ಸುಣ್ಣ ಸವರುತ್ತಿದ್ದರು.

“ತಂಗಿ, ಸಂಘ ಅಂದ್ರ ಎಲ್ಲಾರದು. ಅಂದಮ್ಯಾಲ ಪಾಸ್‌ವರ್ಡೂ ಎಲ್ಲಾರದು. ಮುಚ್ಚಿಟ್ರ ಮಂದಿ ಸಂಶೆ ಪಡ್ತಾರ.”

“ಕಾಕಾ, ಮನಿ ಎಲ್ಲಾರದು ಅಂತ ಕೀಲಿಕೈ ಬಾಗಲಕ್ಕ ನೇತ ಹಾಕ್ತೀರೇನ್ರಿ?”

“ನಾವು ಮನಿಗೆ ಕೀಲೀನ ಹಾಕಂಗಿಲ್ಲ ಬಿಡವಾ.”

ಸಭೆ ನಕ್ಕಿತು. ಆದರೆ ನಗು ಬೇರೆ, ತರ್ಕ ಬೇರೆ. ಮಣ್ಣಿನ ವರದಿಯನ್ನು ರೈತರಿಗೆ ಚೀಟಿಯಲ್ಲಿ ಬರೆದುಕೊಡುವ ಗಂಗಕ್ಕನದು ಇನ್ನೊಂದು ಪಕ್ಷ. ಸಂಘದಲ್ಲಿ ನನಗಿಂತ ಹಳಬಳು, ಕನ್ನಡಕದ ನಂಬರು ವರ್ಷವರ್ಷ ಏರುತ್ತಿರುವವಳು. “ತಂಗಿ, ಲ್ಯಾಬಿನವರು ಕಳಸೂದು ಅಕ್ಷರ ಅಲ್ಲವಾ, ಇರಿವಿ ಸಾಲು. ಅದನ್ನ ಬಿಡಿಸಿ ತೋರ್ಸೂದು ಹಾಕು, ಪುಣ್ಯಾ ಬರತೈತಿ,” ಎಂದಳು. ನಾನು, “ಅಕ್ಕಾ, ಕಣ್ಣಿಗೆ ತ್ರಾಸ ಆದ್ರ ನಾ ಓದಿ ಹೇಳ್ತೀನಿ, ನೀವು ಬರೀರಿ. ಮಾಹಿತಿ ಕಳವಾದ್ರ ಏನ್ ಮಾಡೂದು?” ಎಂದೆ. “ಕಳವು ಮಾಡಾಂವಗೂ ಅದು ಓದಾಕ ಬರಬೇಕಲ್ಲ, ಪಾಪ,” ಎಂದಳು ಗಂಗಕ್ಕ. ಅದಕ್ಕೂ ಉತ್ತರ ಕೊಟ್ಟೆ. ಅರ್ಧ ಗಂಟೆಯ ಕೊನೆಗೆ ಕಾಕಾ ಎಲೆಯನ್ನು ದವಡೆಗೆ ಸರಿಸಿ, “ಆತು, ನೀ ಹೇಳಿದಂಗ ಆಗ್ಲಿ, ಊಟದ ಹೊತ್ತಾತು,” ಎಂದರು. ಪಾಸ್‌ವರ್ಡ್ ಕಾಯುವ ಎಕ್ಸ್‌ಟೆನ್ಶನ್ ಗೆದ್ದಿತು. ಹಸಿವೆಗೂ ಆ ಗೆಲುವಿನಲ್ಲಿ ಪಾಲಿತ್ತು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಮುಂಗಾರು ಬಿತ್ತಿಗೆಗೆ ಸ್ವಲ್ಪ ಮುಂಚೆ ಹದಿನೆಂಟು ಹೊಲಗಳ ಮಣ್ಣಿನ ವರದಿ ಬಂತು. ಉಸಿರು ಬಿಡದ ಒಂದೇ ಸಾಲು: ಬ್ರಾಕೆಟ್ಟು, ಅಂಕಿ, ಕೊಮಾ, ಹೆಸರು, ಮತ್ತೆ ಬ್ರಾಕೆಟ್ಟು, ಅಂಕಿ. ನಾನು ಗತ್ತಿನಿಂದ ಓದಿದೆ, ಗಂಗಕ್ಕ ಬರೆದಳು. ವೇದಿಕೆಯಲ್ಲಿ ಮೊದಲು ಹೆಸರು ಕೂಗುತ್ತಾರೆ, ಆಮೇಲೆ ಆ ಮನುಷ್ಯ ಮಾತಾಡುತ್ತಾನೆ. ಹಾಗೆಯೇ ಇಲ್ಲಿಯೂ ಪ್ರತಿ ಹೆಸರಿಗೆ ಅದರ ಮುಂದಿನ ಅಂಕಿಗಳನ್ನು ಕೊಡುತ್ತ ಹೋದೆ. ಕೊನೆಗೆ ನೋಡಿದರೆ, ಸಾಲಿನ ಮೊದಲಲ್ಲಿ ಹೆಸರಿಲ್ಲದ ಅಂಕಿ ಒಂದಿಷ್ಟು, ತುದಿಯಲ್ಲಿ ಅಂಕಿ ಇಲ್ಲದ ಹೆಸರು ಒಂದು. ಸಾಮಾನ್ಯ ಮನುಷ್ಯರು ಇಲ್ಲಿ ಗಾಬರಿಯಾಗುತ್ತಾರೆ. ನಾನು ತರ್ಕ ಮಾಡಿದೆ. ಉಳಿದದ್ದು ಒಂದು ಹೆಸರು, ಉಳಿದದ್ದು ಒಂದು ವರದಿ, ಆದ್ದರಿಂದ ಇದು ಅವರದೇ. “ಹಿಂಗ ಉಳೀತೈತೇನವಾ?” ಎಂದಳು ಗಂಗಕ್ಕ. “ಹದಿನೆಂಟಕ್ಕ ಹದಿನೆಂಟು ಕೂಡ್ತಲ್ರಿ,” ಎಂದೆ. ಅಂದೇ ಚೀಟಿಗಳು ಮನೆ ಸೇರಿದವು.

ಮೂರನೆಯ ದಿನ ನಿಂಗಪ್ಪಜ್ಜ ಬಂದ. ಪಟ್ಟಿಯ ಕಡೆಯ ಹೆಸರು ಇವನದೇ. ಚೀಟಿಯನ್ನು ನನ್ನ ಮುಂದೆ ಚಾಚಿದ. ಕೆಂಪು ಮಣ್ಣು, ಹುಳಿ ಜಾಸ್ತಿ, ಬಿತ್ತುವ ಮುಂಚೆ ಸುಣ್ಣ ಹಾಕಬೇಕು ಎಂದಿತ್ತು.

“ಯವ್ವಾ, ನಂದು ಎರಿ ಹೊಲ. ಕಪ್ಪ ಮಣ್ಣು. ಇದು ಯಾರದೋ ಕೆಂಪ ಮಸಾರಿ ಹೊಲದ ಕಾಗದ. ಮನಿ ಮುಂದ ಟ್ರಾಲಿ ತುಂಬ ಸುಣ್ಣ ಬಂದು ನಿಂತೈತಿ. ಮಗ ಕಾಗದದ ಮಾತು ಕೇಳ್ತಾನ, ನನ್ನ ಮಾತು ಕೇಳಂಗಿಲ್ಲ. ನಾಳೆ ಮುಂಜಾನೆ ಹರವ್ತಾನ. ಒಮ್ಮಿ ಹರವಿದ್ರ ಮುಗೀತು, ಹೊಲಾ ಕೆಟ್ಟಂಗ.”

ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಮೊದಲನೆಯದಾಗಿ, ಕಣ್ಣಿಗೆ ಕಂಡ ಬಣ್ಣ ಪುರಾವೆಯಾಗುವುದಿಲ್ಲ. ಎರಡನೆಯದಾಗಿ, ಲ್ಯಾಬಿಗೆ ಯಾರ ಮೇಲೂ ಸಿಟ್ಟಿಲ್ಲ. ಮೂರನೆಯದಾಗಿ, ಮಣ್ಣು ತೆಗೆದು ಕೊಟ್ಟವನು ಅಜ್ಜನೇ. ಮೂರನ್ನೂ ಬೆರಳು ಮಡಚಿ ಹೇಳಿದೆ. ಗೆದ್ದೆ ಎಂದುಕೊಂಡೆ.

ಅವನು ಟವೆಲ್ಲಿನ ಗಂಟು ಬಿಚ್ಚಿ ಒಂದು ಹೆಂಟೆ ತೆಗೆದ. ಮೇಜಿನ ಮೇಲಿನ ನನ್ನ ನೀರಿನ ಬಾಟಲಿಯಿಂದಲೇ ನೀರು ಹನಿಸಿ ಕಣಕ ನಾದಿದಂತೆ ನಾದಿ, ನನ್ನ ಕೈ ಹಿಡಿದು ಅಂಗೈಗೆ ಒತ್ತಿದ. “ಹೋಗು, ತೊಳಕೊಂಡ ಬಾ.” ನಳದ ಕೆಳಗೆ ಮೂರು ಸಲ ತೊಳೆದೆ. ಉಗುರಿನ ಸಂದಿಯ ಕಪ್ಪು ಹಾಗೇ ಇತ್ತು. “ಮಸಾರಿ ಆಗಿದ್ರ ಒಂದ ನೀರಿಗೆ ಹೋಗ್ತಿತ್ತು. ಈಗ ಇದರ ಸಂಗತಿ ವಾದ ಮಾಡು,” ಎಂದ ಅಜ್ಜ.

ಆ ಕೈಯಲ್ಲೇ ಪಾಸ್‌ವರ್ಡುಗಳನ್ನು ಒಂದು ವಹಿಯಲ್ಲಿ ಬರೆದು ತಿಜೋರಿಗೆ ಹಾಕಿದೆ, ಗೆದ್ದ ಎಕ್ಸ್‌ಟೆನ್ಶನ್ ತೆಗೆದೆ, ಸೋತದ್ದನ್ನು ಹಾಕಿದೆ. ವರದಿ ಬಿಚ್ಚಿಕೊಂಡಿತು. ಒಂದೊಂದು ಹೊಲಕ್ಕೆ ಒಂದೊಂದು ಮನೆ, ಮೇಲೆ ಅಂಕಿ, ಕೆಳಗೆ ಹೆಸರು. ಲ್ಯಾಬಿನವರು ಹೆಸರನ್ನು ಕೊನೆಗೆ ಬರೆದಿದ್ದರು. ನಾನು ಪ್ರತಿಯೊಬ್ಬರಿಗೂ ಪಟ್ಟಿಯಲ್ಲಿ ಅವರ ಮುಂದಿನವರ ಹೊಲವನ್ನು ಕೊಟ್ಟಿದ್ದೆ, ಅಜ್ಜನಿಗೆ ಮಾತ್ರ ಊರಿನ ಆ ತುದಿಯ ಮೊದಲ ಹೊಲವನ್ನು. ಗಂಗಕ್ಕ ಕನ್ನಡಕ ತೆಗೆದು ಸೆರಗಿನಿಂದ ನಿಧಾನವಾಗಿ ಒರೆಸಿ ಮತ್ತೆ ಹಾಕಿಕೊಂಡಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಅಜ್ಜನ ಮಗನಿಗೆ ಫೋನು ಹಚ್ಚಿ, “ಸುಣ್ಣ ಹರವಬ್ಯಾಡ್ರಿ, ತಪ್ಪು ನಂದ ಐತಿ,” ಎಂದೆ. “ಜೋರ್ಲೆ ಹೇಳವಾ, ಅಂವಗ ಕೇಳ್ಸಂಗಿಲ್ಲ,” ಎಂದ ಅಜ್ಜ. ಜೋರಾಗಿ ಹೇಳಿದೆ. ಬಾಜು ಹಿಟ್ಟಿನ ಗಿರಣಿಯವರಿಗೂ ಕೇಳಿಸಿತು. ಅಜ್ಜ ಗಂಗಕ್ಕ ಬರೆದುಕೊಟ್ಟ ಹೊಸ ಚೀಟಿ ಮಡಚಿ ಕಿಸೆಗಿಟ್ಟು, ಮನೆಯಲ್ಲಿ ತೋರಿಸಲಿಕ್ಕಿದೆ ಎಂದು ಎದೆಯುಬ್ಬಿಸಿ ಹೋದ.

ಉಳಿದ ಹದಿನೇಳು ಮನೆಗೆ ಹೊಸ ಚೀಟಿ ಹಿಡಿದು, ಗಂಗಕ್ಕನನ್ನು ಸ್ಕೂಟಿಯ ಹಿಂದೆ ಕೂಡಿಸಿಕೊಂಡು ಹೊರಟೆ. ಮೊದಲು ಸಿಕ್ಕವನು ಸೋಮಣ್ಣ. ಅವನು ಒಳಗಿನಿಂದ ಹಳೆಯ ಚೀಟಿ ತಂದ. ಅದರಲ್ಲಿದ್ದ ಹೆಸರನ್ನು ಪೆನ್ನಿನಿಂದ ಹೊಡೆದು, ಮೇಲೆ ‘ಸೋಮಣ್ಣ’ ಎಂದು ಬರೆದಿತ್ತು. ಅಂಕಿಗಳನ್ನು ಹೊಸ ಚೀಟಿಯೊಂದಿಗೆ ತಾಳೆ ನೋಡಿದೆ. ಎಲ್ಲ ಸರಿ.

“ಚೀಟಿ ಬಂದ ಮರುದಿನಾನ ಚಹಾದಂಗಡ್ಯಾಗ ಕುಂತು ಅದಲಿ-ಬದಲಿ ಮಾಡ್ಕೊಂಡ್ವಿರಿ. ನಿಂಗಪ್ಪಜ್ಜ ಒಬ್ಬ ಬಂದಿರಲಿಲ್ಲ, ಅಂವಂದು ಇನ್ನೊಬ್ಬಂದು ಅಷ್ಟ ಉಳದಾವ. ನಮ್ಮ ನಮ್ಮ ಹೊಲ ನಮಗ ಗುರ್ತ ಸಿಗಂಗಿಲ್ಲೇನ್ರಿ?”

“ಮತ್ತ ನನಗ್ಯಾಕ ಹೇಳ್ಲಿಲ್ರಿ?”

ಸೋಮಣ್ಣ ತಲೆ ಕೆರೆದುಕೊಂಡ. “ಹೇಳಾಕ ಹೊಂಟಿದ್ವಿರಿ. ಆದ್ರ ಬಿತ್ತಿಗಿ ಬಂದು ನಿಂತೈತಿ, ನಿಮ್ಮ ಸಂಗತಿ ಮಾತಾಡಿ ಗೆಲ್ಲಾಕ ಯಾರಿಗೆ ಪುರಸೊತ್ತೈತ್ರಿ?”

ಗಂಗಕ್ಕ ನಕ್ಕ ರಭಸಕ್ಕೆ ಸ್ಕೂಟಿ ಅಲುಗಿತು. ನಾನು ಗಂಭೀರವಾಗಿ ಗಾಡಿ ತಿರುಗಿಸಿದೆ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹದಿನೇಳು ಜನ, ಅಷ್ಟೂ ಜನರ ಕೈಯಲ್ಲಿ ಪುರಾವೆ, ಆದರೂ ನನ್ನೆದುರು ಬಾಯಿ ಬಿಡುವ ಧೈರ್ಯ ಒಬ್ಬನಿಗೂ ಆಗಿರಲಿಲ್ಲ. ಇಷ್ಟು ದೊಡ್ಡ ಗೆಲುವು ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.