ಹಚ್ಚದೆ ಆಸ್ವಾದಿಸಿದ ಸಿಗಾರ್

ಸವದತ್ತಿಯ ಎಲೆ-ಧೂಮ ಉತ್ಪನ್ನಗಳ ಉಪಪರಿಶೀಲನಾ ಕಚೇರಿಗೆ ಒಂದು ಸಿಗಾರ್ ಬಂದಿತು. ಸೋಮವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಸ್ಪೀಡ್ ಪೋಸ್ಟಿನಲ್ಲಿ, ಗಾಜಿನ ನಳಿಗೆಯೊಳಗೆ ಮಲಗಿಕೊಂಡು ಬಂದ ಅದನ್ನು ಆವಕ ವಹಿಯಲ್ಲಿ ದಾಖಲಿಸಿ, ಲಕೋಟೆಯ ಮೇಲೆ ಮೂರು ಕಡೆ ಮುದ್ರೆ ಒತ್ತಲಾಯಿತು. ನಾಲ್ಕನೆಯ ಮುದ್ರೆಯನ್ನು ಸಿಗಾರಿನ ಮೇಲೆಯೇ ಒತ್ತಬೇಕೇ ಎಂಬ ಪ್ರಶ್ನೆ ಎದ್ದಿತಾದರೂ, ಎಲೆ ಹರಿದೀತೆಂಬ ಕಾರಣಕ್ಕೆ ವಿಷಯವನ್ನು ಮುಂದಿನ ಸಭೆಗೆ ಬಿಡಲಾಯಿತು.

ಜೊತೆಗೆ ಮೇಲಿನ ಕಚೇರಿಯ ಪತ್ರವಿತ್ತು. "ಹೊರದೇಶದ ವ್ಯಾಪಾರ ಪ್ರತಿನಿಧಿಗಳು ಸದ್ಯದಲ್ಲೇ ಮಲಪ್ರಭಾ ಸೀಮೆಯ ತಾಲೂಕುಗಳಿಗೆ ಭೇಟಿ ನೀಡಿ, ಇಲ್ಲಿ ಸಿಗಾರ್ ತಯಾರಿಸುವ ಸಾಧ್ಯತೆಯನ್ನು ಪರಿಶೀಲಿಸಲಿದ್ದಾರೆ. ಆ ವೇಳೆಗೆ ಸಿಬ್ಬಂದಿಗೆ ಸಿಗಾರಿನ ರಸಜ್ಞಾನ ಇರತಕ್ಕದ್ದು. ಆದ್ದರಿಂದ ಲಗತ್ತಿಸಿದ ಸಂಸ್ಕರಿತ, ಮಧ್ಯಮ ತೀವ್ರತೆಯ, ಉಚ್ಚ ದರ್ಜೆಯ ಸಿಗಾರನ್ನು ಅನುಭವಿ ನೌಕರರೊಬ್ಬರಿಂದ ಆಸ್ವಾದನೆ ಮಾಡಿಸಿ ಹದಿನೈದು ದಿನದೊಳಗೆ ವರದಿ ಸಲ್ಲಿಸುವುದು. ಪೆಟ್ಟಿಗೆಯಲ್ಲಿ ಮೂಲತಃ ಇಪ್ಪತ್ತೈದು ಸಿಗಾರುಗಳಿದ್ದವು. ಉಳಿದ ಇಪ್ಪತ್ನಾಲ್ಕು ವಿವಿಧ ಹಂತಗಳ ಪ್ರಾಥಮಿಕ ಆಸ್ವಾದನೆಯಲ್ಲಿ ವ್ಯಯವಾಗಿವೆ."

ಕಚೇರಿಯ ಮುಖ್ಯಸ್ಥ ನಿಜಗುಣಪ್ಪ ಪತ್ರವನ್ನು ಎರಡು ಸಲ ಓದಿ, ಸಿಬ್ಬಂದಿಯ ಸರ್ವಿಸ್ ಬುಕ್ಕುಗಳನ್ನೆಲ್ಲ ತರಿಸಿದರು. 'ಅನುಭವಿ' ಎಂಬ ಶಬ್ದಕ್ಕೆ ಹೊಂದುವವರು ಒಬ್ಬರೇ ಸಿಕ್ಕರು. ಸಹಾಯಕ ದುಂಡಪ್ಪ ಹಿಂದೊಮ್ಮೆ ರಜೆಗೆ ಲಗತ್ತಿಸಿದ್ದ ವೈದ್ಯರ ಪ್ರಮಾಣಪತ್ರದಲ್ಲಿ 'ಮೂವತ್ತು ವರ್ಷಗಳ ಧೂಮಪಾನದ ಇತಿಹಾಸವಿದೆ' ಎಂದು ಸ್ಪಷ್ಟವಾಗಿ ಬರೆದಿತ್ತು.

"ಬರ್ರಿ ದುಂಡಪ್ಪ, ಕುಂತ್ರಿ," ಎಂದರು ನಿಜಗುಣಪ್ಪ. "ನೀವು ಮೂವತ್ತ ವರ್ಷ ಬೀಡಿ ಸೇದಿದ್ದು ಖರೇ ಏನ?"

"ಖರೇರಿ ಸಾಹೇಬ್ರ. ಆದ್ರ ಬಿಟ್ಟು ಹದಿನಾಲ್ಕ ತಿಂಗಳಾತ್ರಿ."

"ಬಿಟ್ಟಿದ್ದು ಸರ್ವಿಸ್ ಬುಕ್ಕಿನ್ಯಾಗ ಎಲ್ಲೈತಿ?"

"ಅದನ್ನ ಬರಸಿಲ್ರಿ."

"ಮತ್ತ? ದಾಖಲೆ ಪ್ರಕಾರ ನೀವು ಇನ್ನೂ ಸೇದಾಕಹತ್ತೀರಿ."

ಮಧ್ಯಾಹ್ನದೊಳಗೆ ದುಂಡಪ್ಪನನ್ನು ಆಸ್ವಾದನಾಧಿಕಾರಿ (ಪ್ರಭಾರ) ಎಂದು ನೇಮಿಸಿ ಆದೇಶ ಹೊರಟಿತು. ಒಪ್ಪದಿದ್ದಲ್ಲಿ ವರ್ಗಾವಣೆ ಎಂಬ ಮಾತನ್ನು ಆದೇಶದಲ್ಲಿ ಬರೆದಿರಲಿಲ್ಲ. ನಿಜಗುಣಪ್ಪ ಅದನ್ನು ಚಹಾ ಕುಡಿಸುತ್ತ ಬಾಯಿಂದಲೇ ಹೇಳಿದರು.

ದುಂಡಪ್ಪ ಬೀಡಿ ಬಿಟ್ಟದ್ದು ಶೋಕಿಗಲ್ಲ. ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಒಂದು ದಿನ ಕೆಮ್ಮು ಹತ್ತಿ, ನಿಲ್ಲಲಾರದೆ, ನಿಂತಲ್ಲೇ ಕುಸಿದಿದ್ದ. ಯಾರೋ ತಲೆಗೆ ನೀರು ಹಾಕಿದ್ದರು. ಎದೆಯ ಫೋಟೋ ನೋಡಿದ ಡಾಕ್ಟರು ಮಕ್ಕಳೆಷ್ಟು ಎಂದು ಕೇಳಿದ್ದರು. ಆ ಪ್ರಶ್ನೆಯೇ ಅವನಿಗೆ ಹೆಚ್ಚು ಅಂಜಿಕೆ ತಂದಿತ್ತು. ಮನೆಗೆ ಬಂದ ಮೇಲೆ ಹೆಂಡತಿ ಅನ್ನಪೂರ್ಣಾ ಅವನ ಕೈ ಹಿಡಿದು ಮಗಳು ಉಮಾಶ್ರೀಯ ತಲೆಯ ಮೇಲೆ ಇಡಿಸಿ ಆಣೆ ಹಾಕಿಸಿದ್ದಳು. ಅಂದಿನಿಂದ ಅವನು ಬೀಡಿ ಮುಟ್ಟಿರಲಿಲ್ಲ. ಕನಸಿನಲ್ಲಿ ಮಾತ್ರ ದಿನಕ್ಕೊಂದು ಕಟ್ಟು ಮುಗಿಸುತ್ತಿದ್ದ.

ಆ ಸಂಜೆ ಅನ್ನಪೂರ್ಣಾ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ಹಚ್ಚಂತ ಆರ್ಡರ್ ಮಾಡ್ಯಾರೇನ್ರಿ?"

"ಆಸ್ವಾದಿಸು ಅಂತ ಮಾಡ್ಯಾರ."

"ಹೊಗಿ ನಿಮ್ಮ ಎದಿಯಾಗ ಹೋಗೂದು ಸರಕಾರದ ಕೆಲಸಕ್ಕ. ಹಂಗಾದ್ರ ಕೆಮ್ಮನ್ನೂ ಸರಕಾರನ ಕೆಮ್ಮಲಿ."

ಮರುದಿನ ಅವಳು ಸ್ವತಃ ಕಚೇರಿಗೆ ಬಂದು ಅರ್ಜಿ ಕೊಟ್ಟಳು. ಸದರಿ ಆಸ್ವಾದನೆಯಿಂದ ಉಂಟಾಗುವ ಕೆಮ್ಮಿನ ಜವಾಬ್ದಾರಿ ಯಾರದು ಎಂದು ಅದರಲ್ಲಿ ಕೇಳಿದ್ದಳು. ಕಚೇರಿಯ ಇತಿಹಾಸದಲ್ಲೇ ಮೊದಲ ಬಾರಿಗೆ ಅರ್ಜಿಯೊಂದಕ್ಕೆ ಅದೇ ದಿನ ಉತ್ತರ ದೊರೆಯಿತು: "ಕೆಮ್ಮು ಆಸ್ವಾದನೆಯ ವ್ಯಾಪ್ತಿಗೆ ಬರುವುದಿಲ್ಲ. ಆದಾಗ್ಯೂ ಕಚೇರಿ ವೇಳೆಯಲ್ಲಿ ಬಂದ ಕೆಮ್ಮನ್ನು ಸಹಾನುಭೂತಿಯಿಂದ ಪರಿಗಣಿಸಲಾಗುವುದು. ಮನೆಯಲ್ಲಿ ಕೆಮ್ಮಿದ್ದಕ್ಕೆ ಇಲಾಖೆ ಹೊಣೆಯಲ್ಲ."

ಅನ್ನಪೂರ್ಣಾ ಓದಿ, ಮಡಚಿ, ಎಲ್ಲರ ಎದುರಿಗೇ ಗಂಡನಿಗೆ ಹೇಳಿದಳು: "ಹಚ್ಚಿದ್ರ ಮನಿಗೆ ಬರಬ್ಯಾಡ್ರಿ. ಇದೂ ಒಂದು ಆರ್ಡರ್ ಅಂತ ತಿಳಕೋರಿ."

ಅವಳು ಮೆಟ್ಟಿಲಿಳಿದು ಹೋದ ಮೇಲೆ ನಿಜಗುಣಪ್ಪ ಮೆಲ್ಲಗೆ, "ಇದನ್ನ ಆವಕದಾಗ ತಗೋಬೇಕೇನ್ರಿ?" ಎಂದು ವಿಚಾರಿಸಿದರು.

ಅತ್ತ ವರ್ಗಾವಣೆ, ಇತ್ತ ಮನೆಯ ಮುಚ್ಚಿದ ಬಾಗಿಲು. ದುಂಡಪ್ಪ ಅಂದು ಬುತ್ತಿ ಬಿಚ್ಚಲಿಲ್ಲ. ಪತ್ರದ ಜೊತೆ ಬಂದಿದ್ದ ಹನ್ನೆರಡು ಪುಟಗಳ ನಿಯಮಾವಳಿಯನ್ನು ಹಿಡಿದು ಕೂತ. ಇಪ್ಪತ್ತೇಳು ವರ್ಷ ಸೇವೆ ಮಾಡಿದ ಮನುಷ್ಯ. ಯಾವ ನಿಯಮದಲ್ಲಿ ಸಿಕ್ಕಿಬಿದ್ದರೂ ಬಿಡಿಸಿಕೊಳ್ಳುವ ದಾರಿ ಅದೇ ನಿಯಮಾವಳಿಯ ಮತ್ತೊಂದು ಪುಟದಲ್ಲಿ ಇರುತ್ತದೆಂದು ಬಲ್ಲವನು. ಮೂರು ಗಂಟೆಗೆ ಎದ್ದು ಸಾಹೇಬರ ಕೋಣೆಗೆ ನಡೆದ.

"ಸಾಹೇಬ್ರ, ಒಂಬತ್ತನೇ ಕಲಮು ಓದ್ರಿ."

ನಿಜಗುಣಪ್ಪ ಕನ್ನಡಕ ಏರಿಸಿ ಓದಿದರು: "ಆಸ್ವಾದನೆಯ ನಂತರ ಮಾದರಿಯನ್ನು, ಅದರ ಉದ್ದ ಕಡಿಮೆಯಾಗದಂತೆ, ಯಥಾಸ್ಥಿತಿಯಲ್ಲಿ ಹಿಂತಿರುಗಿಸತಕ್ಕದ್ದು."

"ಹಚ್ಚಿದ್ರ ಗಿಡ್ಡ ಆಗತೈತ್ರಿ."

"ಗಿಡ್ಡ ಆದ್ರ ನನ್ನ ಕುತ್ತಿಗಿಗೆ ಬರತೈತಿ," ಎಂದರು ನಿಜಗುಣಪ್ಪ.

"ಮತ್ತ ಕಚೇರಿ ಒಳಗ ಹೊಗಿ ಬಿಡೂದು ನಿಷೇಧ ಐತ್ರಿ. ಹೊರಗ ಹೋಗಿ ಬಿಟ್ರ ಕರ್ತವ್ಯದ ಜಾಗಾ ಬಿಟ್ಟಂಗ ಆಗತೈತ್ರಿ. ಹಚ್ಚಿ ಆಸ್ವಾದಿಸ್ರಿ ಅಂತ ಮಾತ್ರ ಎಲ್ಲೂ ಬರದಿಲ್ರಿ."

ನಿಜಗುಣಪ್ಪ ಎದ್ದು ಬಂದು ದುಂಡಪ್ಪನ ಕೈ ಹಿಡಿದುಕೊಂಡರು. ಇಂಥ ನೌಕರರು ಇರುವವರೆಗೆ ಇಲಾಖೆಗೆ ಯಾವ ಕೆಲಸವೂ ಅಂಟುವುದಿಲ್ಲವೆಂದು ಅವರಿಗೆ ಸಮಾಧಾನವಾಯಿತು.

ಉಳಿದದ್ದು ತೀವ್ರತೆಯ ಪ್ರಶ್ನೆ. ಮಧ್ಯಮ ಎನ್ನಬೇಕಾದರೆ ಒಂದು ಸೌಮ್ಯವೂ ಒಂದು ಕಡಕ್ಕೂ ಬೇಕು. ಮುನವಳ್ಳಿಯಲ್ಲಿ ತಂಬಾಕಿನ ಅಂಗಡಿ ಇಟ್ಟಿದ್ದ ಅಕ್ಬರಸಾಬರನ್ನು ತಜ್ಞ ಸದಸ್ಯರೆಂದು ಕರೆಸಲಾಯಿತು. ಅವರು ಬೀಡಿಯ ಒಂದು ಕಟ್ಟನ್ನು ಮೇಜಿನ ಬಲಕ್ಕಿಟ್ಟರು. ಸೌಮ್ಯ ಮಾದರಿ ಸಿಗದ ಕಾರಣ ಎಡಕ್ಕೆ ಊದಿನಕಡ್ಡಿ ಇಡಲಾಯಿತು.

"ಈಗ ಇದನ್ನ ಎರಡರ ನಡುವ ಇಡ್ರಿ," ಎಂದರು ಅಕ್ಬರಸಾಬ. ಇಟ್ಟರು. "ಆತಲ್ರಿ, ನಡುವಿಂದ ಆತು."

'ಸಿಗಾರು ಮಧ್ಯಮವೆಂದು ಕಣ್ಣಾರೆ ಕಂಡುಬಂದಿದೆ' ಎಂದು ಗುಮಾಸ್ತೆ ಗಂಗಾ ಪಂಚನಾಮೆ ಬರೆದಳು. ಅಕ್ಬರಸಾಬರು ಸಹಿ ಮಾಡಿ, ರೂಢಿಯಂತೆ ಕಿಸೆಯಿಂದ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು.

ದುಂಡಪ್ಪ ಸಿಗಾರನ್ನು ಎತ್ತಿಕೊಂಡ. ಮೈಮೇಲಿನ ಎಲೆ ಈಗಷ್ಟೇ ಎಣ್ಣೆ ಸವರಿದಂತೆ ನುಣುಪಾಗಿತ್ತು. ಎಲ್ಲೂ ಹೊಲಿಗೆಯಿಲ್ಲ, ನರ ಎದ್ದಿಲ್ಲ. ಬೆರಳಿನಿಂದ ಒತ್ತಿದರೆ ತುಸು ತಗ್ಗಿ ಮತ್ತೆ ಮೇಲೆ ಬಂತು. ಮೂಗಿನ ಬಳಿ ತಂದ. ಮೊದಲು ಹಳೆಯ ಸಂದೂಕದ ಮುಚ್ಚಳ ತೆಗೆದಾಗಿನ ಕಟ್ಟಿಗೆಯ ವಾಸನೆ. ಅದರ ಹಿಂದೆ ಹುರಿದ ಶೇಂಗಾ. ಅದರ ಹಿಂದೆ ಒಲೆಯ ಮೇಲೆ ಕಾಯುತ್ತಿರುವ ಬೆಲ್ಲ. ಎಲ್ಲಕ್ಕಿಂತ ಕೊನೆಗೆ, ಅಂಗಡಿಯಿಂದ ಆಗಲೇ ತಂದ ಚರ್ಮದ ಚಪ್ಪಲಿ. ತುಟಿಗಿಟ್ಟು ಹಾಗೇ ಎಳೆದ. ಹೊಗೆಯಿಲ್ಲ, ಬರೀ ತಣ್ಣನೆಯ ಗಾಳಿ. ಆದರೂ ಬಾಯಿ ತುಂಬಿತು. ಮೂವತ್ತು ವರ್ಷ ತಂಬಾಕನ್ನು ಸುಟ್ಟವನಿಗೆ ಅದಕ್ಕೆ ಇಷ್ಟೊಂದು ರುಚಿಯಿದೆಯೆಂದು ಈವರೆಗೆ ಯಾರೂ ಹೇಳಿರಲಿಲ್ಲ.

ಅವನ ಬಲಗೈ ತಾನಾಗಿಯೇ ಬೆಂಕಿಪೊಟ್ಟಣದತ್ತ ಹೋಯಿತು.

"ದುಂಡಪ್ಪಣ್ಣ, ಒಂದ ಕಡ್ಡಿ," ಎಂದರು ಅಕ್ಬರಸಾಬ ಮೃದುವಾಗಿ. "ಯಾರೂ ಬರಕೊಳ್ಳಂಗಿಲ್ಲ."

ಗಂಗಾ ಪೆನ್ನು ಕೆಳಗಿಟ್ಟಳು. ನಿಜಗುಣಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕತೊಡಗಿದರು. ದುಂಡಪ್ಪ ಕಡ್ಡಿ ತೆಗೆದ. ಗೀರಬೇಕು ಎನ್ನುವಷ್ಟರಲ್ಲಿ ಕೆಮ್ಮು ಬಂತು. ಹೊಗೆಯ ಹಂಗಿಲ್ಲದ, ಬರೀ ನೆನಪಿನ ಕೆಮ್ಮು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ. ಎಲ್ಲ ಮುಗಿದ ಮೇಲೆ ಕಡ್ಡಿಯನ್ನು ಪೊಟ್ಟಣದೊಳಗೆ ಹಾಕಿ ಅಕ್ಬರಸಾಬರ ಕಡೆ ಸರಿಸಿದ.

"ಬರಕೋ ಗಂಗಾ," ಎಂದ. "ತೀವ್ರತೆ ಮಧ್ಯಮ. ಹಚ್ಚದಿದ್ರೂ ಕೆಮ್ಮು ಬರತೈತಿ."

ಕಚೇರಿ ವೇಳೆಯಲ್ಲಿ ಬಂದದ್ದರಿಂದ ಆ ಕೆಮ್ಮನ್ನು ಸಹಾನುಭೂತಿಯಿಂದ ಪರಿಗಣಿಸಲಾಯಿತು. ರಾತ್ರಿ ಅನ್ನಪೂರ್ಣಾ ಅವನ ಅಂಗಿಯನ್ನು ಮೂಸಿ ನೋಡಿ, ರೊಟ್ಟಿಗೆ ಎರಡು ಚಮಚ ಬೆಣ್ಣೆ ಹೆಚ್ಚು ಹಾಕಿದಳು.

ಸಂದೂಕ, ಶೇಂಗಾ, ಬೆಲ್ಲ, ಚಪ್ಪಲಿ ಎಂಬ ನಾಲ್ಕು ಅಂಶಗಳ ವರದಿಯನ್ನು ಓದಿ ಮೇಲಿನ ಕಚೇರಿ ಬೆರಗಾಯಿತು. ಇಪ್ಪತ್ನಾಲ್ಕು ಸಿಗಾರುಗಳನ್ನು ಹಚ್ಚಿ ಸೇದಿದವರಲ್ಲಿ ಒಬ್ಬರೂ ಬೂದಿಯ ಹೊರತು ಏನನ್ನೂ ವರದಿ ಮಾಡಿರಲಿಲ್ಲ. ಆದ್ದರಿಂದ ಅದೇ ಸಿಗಾರನ್ನು ರಾಮದುರ್ಗ, ಕಿತ್ತೂರು ಮತ್ತು ಬೈಲಹೊಂಗಲದ ಶಾಖೆಗಳಿಗೂ ಕಳಿಸಿ, ಅಲ್ಲಿಯೂ ಹಚ್ಚದೆ ಆಸ್ವಾದಿಸಲು ಆದೇಶವಾಯಿತು.

ರಾಮದುರ್ಗದ ಶಾಖೆ ಅದನ್ನು ಎರಡು ತಿಂಗಳು ಇಟ್ಟುಕೊಂಡು ಬರೆಯಿತು: 'ಕಿವಿಗೆ ಹಿಡಿದಾಗ ಒಳಗಿನಿಂದ ಕರಕರ ಸದ್ದು ಕೇಳಿಬರುತ್ತದೆ. ಇದು ಪಕ್ವತೆಯ ಲಕ್ಷಣ.' ಕಿತ್ತೂರಿನ ಶಾಖೆ ಬರೆಯಿತು: 'ಮೈಯೆಲ್ಲ ಸೂಕ್ಷ್ಮ ರಂಧ್ರಗಳಿದ್ದು ಗಾಳಿಯಾಡಲು ಉತ್ತಮ ವ್ಯವಸ್ಥೆಯಿದೆ.' ಬೈಲಹೊಂಗಲದ ಶಾಖೆ ಬರೆಯಿತು: 'ಅತ್ಯಂತ ಹಗುರವಾಗಿದ್ದು, ಸಂಸ್ಕರಣೆ ಪೂರ್ಣಗೊಂಡಿದೆ.' ಅಲ್ಲಿಂದ ಸಿಗಾರು ಸವದತ್ತಿಗೆ ಮರಳಿದಾಗ ಗಾಜಿನ ನಳಿಗೆಯಲ್ಲಿ ಬಂಗಾರದ ಬಣ್ಣದ ಕಾಗದದ ಉಂಗುರ, ಒಂದು ಹಿಡಿ ಕಂದು ಹುಡಿ ಮತ್ತು ಆರೋಗ್ಯವಂತ ಹುಳಗಳು ಹನ್ನೊಂದು ಇದ್ದವು.

ಒಂಬತ್ತನೆಯ ಕಲಮಿನಂತೆ ಉದ್ದ ಅಳೆಯಬೇಕಿತ್ತು. ದುಂಡಪ್ಪ ಹುಡಿಯನ್ನು ಕಾಗದದ ಮೇಲೆ ಸಾಲಾಗಿ ಹರಡಿ ಅಳತೆಪಟ್ಟಿಯಿಟ್ಟ. ಮೂಲ ಉದ್ದಕ್ಕಿಂತ ಒಂದು ಇಂಚು ಹೆಚ್ಚೇ ಬಂತು. ಕಡಿಮೆಯಾಗಿಲ್ಲದ ಕಾರಣ ಸಿಗಾರನ್ನು ಸುಸ್ಥಿತಿಯಲ್ಲಿ ಹಿಂತಿರುಗಿಸಲಾಯಿತು. ಹೆಚ್ಚುವರಿ ಇಂಚಿನ ಬಗ್ಗೆ ವಿವರಣೆ ಕೇಳಿ ಮೇಲಿನಿಂದ ನೋಟೀಸು ಬಂತು. 'ಪ್ರಯಾಣದ ಅವಧಿಯಲ್ಲಿ ಬೆಳೆದಿದೆ' ಎಂದು ನಿಜಗುಣಪ್ಪ ಉತ್ತರಿಸಿದರು. ವಿವರಣೆ ತೃಪ್ತಿಕರವೆಂದು ಕಡತ ಮುಕ್ತಾಯವಾಯಿತು.

ಹೊರದೇಶದ ಪ್ರತಿನಿಧಿಗಳ ಭೇಟಿ ಮೊದಲ ವಾರದಲ್ಲೇ ರದ್ದಾಗಿತ್ತೆಂದು ಆಮೇಲೆ ತಿಳಿಯಿತು. ಇದರಿಂದ ಕೆಲಸಕ್ಕೆ ಯಾವ ಅಡಚಣೆಯೂ ಆಗಲಿಲ್ಲ. ನಾಲ್ಕೂ ತಾಲೂಕುಗಳ ಸಿಬ್ಬಂದಿಗೆ ಬೈಲಹೊಂಗಲದಲ್ಲಿ ಒಂದು ದಿನದ ಆಸ್ವಾದನಾ ತರಬೇತಿ ಏರ್ಪಾಡಾಗಿ, ದುಂಡಪ್ಪ ಮುಖ್ಯ ತರಬೇತುದಾರನಾದ. ತರಬೇತಿಗೆಂದು ಎರಡು ಪೆಟ್ಟಿಗೆ ಸಿಗಾರುಗಳು ಮಂಜೂರಾದವು. ದಾರಿಯಲ್ಲಿನ ಪ್ರಾಥಮಿಕ ಆಸ್ವಾದನೆಗಳು ಮುಗಿದಾಗ ಈ ಸಲ ಒಂದೂ ಉಳಿಯಲಿಲ್ಲ. ಬದಲಿಗೆ ಒಂದು ಸುತ್ತೋಲೆ ತಲುಪಿತು: "ಸಿಗಾರ್ ಲಭ್ಯವಿಲ್ಲದ ಕಡೆ ಸಿಗಾರ್ ಇಲ್ಲದೆಯೇ ಆಸ್ವಾದಿಸತಕ್ಕದ್ದು."

ದುಂಡಪ್ಪನಿಗೆ ಆ ಬೆಳಿಗ್ಗೆ ಅಳುಕಿತ್ತು. ಸಭಾಂಗಣದಲ್ಲಿ ನಲವತ್ತು ಜನ. ಬರಿಗೈ ಎತ್ತಿ ಎರಡು ಬೆರಳು ಮೂಗಿನ ಬಳಿ ತಂದರೆ ನಕ್ಕಾರು ಎಂದುಕೊಂಡಿದ್ದ. ಯಾರೂ ನಗಲಿಲ್ಲ. ಎಲ್ಲರೂ ಬೆರಳು ಎತ್ತಿ, ಕಣ್ಣು ಮುಚ್ಚಿ, ನಿಧಾನವಾಗಿ ಎಳೆದುಕೊಂಡರು. ಕೆಲವರಿಗೆ ಸಂದೂಕ ಬಂತು, ಕೆಲವರಿಗೆ ಶೇಂಗಾ. ಹಿಂದಿನ ಸಾಲಿನಲ್ಲಿದ್ದ ಕಲ್ಮೇಶ ಎಂಬ ಗುಮಾಸ್ತ ಮಾತ್ರ ಮುಖ ಹಿಂಡಿಕೊಂಡು ಎದ್ದು ನಿಂತ.

"ಸರ, ನಂದು ತುಸು ಕಡಕ್ ಐತ್ರಿ. ನಮಗ ಮಧ್ಯಮ ಅಂತ ಹೇಳಿದ್ರಲ್ರಿ?"

ದುಂಡಪ್ಪ ವೇದಿಕೆ ಇಳಿದು ಅವನ ಬಳಿ ಹೋದ. ಕಲ್ಮೇಶ ತನ್ನ ಖಾಲಿ ಬೆರಳುಗಳನ್ನು ಎಚ್ಚರಿಕೆಯಿಂದ, ಕೆಳಗೆ ಬೀಳದಂತೆ, ಮುಂದೆ ಚಾಚಿದ. ದುಂಡಪ್ಪ ಬಾಗಿ ಮೂಸಿ ನೋಡಿದ.

"ಹೌದ್ರಿ, ಕಡಕ್ ಐತಿ," ಎಂದ. "ಒಂದು ಅರ್ಜಿ ಬರೀರಿ, ಬದಲಿ ಕೊಡಸ್ತೇನಿ."

ಕಲ್ಮೇಶನಿಗೆ ಅರ್ಜಿ ಬರೆಯಲು ಎರಡೂ ಕೈ ಬೇಕಾದವು. ಪಕ್ಕದಲ್ಲಿ ಕೂತವರು, "ಕೊಡ್ರಿ, ಅಲ್ಲೀತನಕ ನಾ ಹಿಡಕೋತೇನಿ," ಎಂದು ಬೆರಳು ಚಾಚಿದರು.